ಜೇಬಿನಲ್ಲಿ ಹದಿನೇಳೂವರೆ ಹಾಡು

೧೯೯೮ರ ಒಂದು ಸೋಮವಾರ, ತಾಲ್ಲೂಕು ಕಚೇರಿಗೆ ರಜೆ ಹಾಕಿ, ಚಾಮರಾಜನಗರದ ನಮ್ಮ ಮನೆಯಲ್ಲಿ ನಿಂತು ನಾನು ಘೋಷಿಸಿದೆ: "ಸಂಜೆಯೊಳಗೆ ಈ ಕಂಪ್ಯೂಟರಿನ ನೆನಪಿನ ಶಕ್ತಿ ಎರಡರಷ್ಟಾಗದಿದ್ರೆ ನನ್ನ ಹೆಸರು ಸೋಮೇಶ್ ಅಲ್ಲ."

ಹೈಸ್ಕೂಲಿಗೆ ಪಾಠ ಮಾಡಲು ಹೊರಟಿದ್ದ ನನ್ನ ಹೆಂಡತಿ ರೂಪಶ್ರೀ ಚಪ್ಪಲಿ ಮೆಟ್ಟುತ್ತಾ ಹೇಳಿದಳು, "ನಿಮ್ಮ ಹೆಸರು ಏನಾದ್ರೂ ಆಗ್ಲಿ. ನನ್ನ ಹಾಡುಗಳಿಗೆ ಏನೂ ಆಗ್ಬಾರ್ದು."

ಮೂರು ವರ್ಷ ಹರದನಹಳ್ಳಿ, ಚಂದಕವಾಡಿ, ಉಮ್ಮತ್ತೂರು ಸುತ್ತಿ, ಅಜ್ಜಿಯರ ಬಾಯಿಂದ ಅವಳು ಬರೆದುಕೊಂಡ ಎಪ್ಪತ್ತು ಮದುವೆ ಹಾಡುಗಳು ಆ ಕಂಪ್ಯೂಟರಿನಲ್ಲಿದ್ದವು. ಬರೆದ ನೋಟ್‌ಬುಕ್ಕುಗಳನ್ನು ನಾನು ಹಳೇ ಪೇಪರಿನವನಿಗೆ ಕೊಟ್ಟು ಮನೆ ಚೊಕ್ಕ ಮಾಡಿದ್ದೆ. ಆ ಪ್ರಕರಣದ ಬಿಸಿ ಇನ್ನೂ ಆರಿರಲಿಲ್ಲ.

ಕಂಪ್ಯೂಟರು ಮುದಿಯಾಗಿತ್ತು. ಹೊಸ ಕನ್ನಡ ತಂತ್ರಾಂಶ ಹಾಕಿದರೆ ಏದುಸಿರು ಬಿಟ್ಟು ನಿಂತುಬಿಡುತ್ತಿತ್ತು. ಒಳಗೆ ನಾಲ್ಕು ಮೆಮೊರಿ ಪಟ್ಟಿಗಳು, ಇನ್ನೂ ನಾಲ್ಕಕ್ಕೆ ಜಾಗ. ಆದರೆ ಅದೇ ಜಾತಿಯವೇ ಬೇಕು. ನಮ್ಮೂರಿನ ಅಂಗಡಿಯವರು ತೋರಿಸಿದ ಹೊಸ ಪಟ್ಟಿಗಳು ಉದ್ದವಾಗಿದ್ದವು, ಕೂರುವಂತಿರಲಿಲ್ಲ. "ಗುಂಡ್ಲುಪೇಟೇಲಿ ಕೇರಳದವರೊಬ್ರು ಹಳೇ ಕಂಪ್ಯೂಟರ್ ಬಿಚ್ಚಿ ಮಾರ್ತಾರೆ. ಮಾದರಿಗೆ ಒಂದು ಕಿತ್ಕೊಂಡು ಹೋಗಿ ಸಾರ್" ಎಂದರು. ಮನೆಗೆ ಬಂದು ಕಿತ್ತೆ. ಕರವಸ್ತ್ರದಲ್ಲಿ ಸುತ್ತಿ ಜೇಬಿಗಿಟ್ಟು ಬಸ್ಸು ಹತ್ತಿದೆ.

ತೆರಕಣಾಂಬಿ ದಾಟುವಾಗ ಥಟ್ಟನೆ ಹೊಳೆಯಿತು. ಮೆಮೊರಿ ಎಂದರೆ ನೆನಪು. ಹಾಡುಗಳು ನೆನಪಿನಲ್ಲಿ ತಾನೇ ಇರುವುದು? ನಾಲ್ಕರಲ್ಲಿ ಒಂದು ಕಿತ್ತಿದ್ದೇನೆ. ಅಂದರೆ ಸರಿಯಾಗಿ ಹದಿನೇಳೂವರೆ ಹಾಡು ನನ್ನ ಜೇಬಿನಲ್ಲಿದೆ! ಪಕ್ಕದವರ ಮೊಣಕೈ ತಾಗಿದಾಗಲೆಲ್ಲ ಒಂದೊಂದು ಹಾಡು ಮುರಿದಂತಾಗಿ ಬೆವತೆ.

ಗುಂಡ್ಲುಪೇಟೆಯ ಅಂಗಡಿಯವರು ಪಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿದರು. ಡಬ್ಬಿಯಲ್ಲಿ ಹುಡುಕಿ ಅಂಥವೇ ನಾಲ್ಕು ತೆಗೆದರು. ಆಮೇಲೆ, ನನ್ನ ಕಣ್ಣೆದುರಿಗೇ, ಪೆನ್ಸಿಲ್ ಅಳಿಸುವ ರಬ್ಬರಿನಿಂದ ನಮ್ಮ ಪಟ್ಟಿಯನ್ನು ಗಸಗಸ ಉಜ್ಜತೊಡಗಿದರು.

"ಏನ್ ಮಾಡ್ತಿದ್ದೀರಿ?" ಎಂದೆ.

"ಅಳುಕ್ಕ್ ಉಂಟು ಸಾರ್."

ಮಲಯಾಳದಲ್ಲಿ ಅಳುಕ್ಕ್ ಎಂದರೆ ಕೊಳೆ ಎಂದು ಆಮೇಲೆ ತಿಳಿಯಿತು. ಕನ್ನಡದ ಅಳುಕು ಪೂರ್ತಿ ನನ್ನದಾಗಿತ್ತು.

"ಇದ್ರಲ್ಲಿ ಇದ್ದದ್ದು?"

"ಎಲ್ಲಾ ಹೋಯ್ತು ಸಾರ್. ಈಗ ಹೊಸದು ಪೋಲೆ, ಹೊಸದರ ಹಾಗೇ" ಎಂದು ಅವರು ನಕ್ಕರು.

ಬೆಳಿಗ್ಗೆ ಅಷ್ಟು ಜಂಬ ಕೊಚ್ಚಿದವನು ಇನ್ನೇನು ಕೇಳಲಿ? ಪಟ್ಟಿಗಳನ್ನು ತೆಗೆದುಕೊಂಡು ಚಾಮರಾಜನಗರಕ್ಕೆ ಬಂದೆ. ಮನೆ ಕಡೆ ಕಾಲು ಹೋಗಲಿಲ್ಲ. ಒಂದು ನೋಟ್‌ಬುಕ್ ಕೊಂಡು ನೇರವಾಗಿ ಹರದನಹಳ್ಳಿಗೆ ಹೋಗಿ, ಹೆಚ್ಚು ಹಾಡು ಹೇಳಿಕೊಟ್ಟಿದ್ದ ದೊಡ್ಡಮಲ್ಲಮ್ಮನ ಜಗಲಿಯ ಮೇಲೆ ಕುಕ್ಕರಿಸಿದೆ.

"ಹಾಡೆಲ್ಲ ಅಳಿಸ್ಬಿಟ್ಟೆ ಕಣಜ್ಜಿ. ಇನ್ನೊಂದ್ಸಲ ಹೇಳು. ರೂಪಂಗೆ ಗೊತ್ತಾದ್ರೆ ನಾನು ಉಳಿಯಲ್ಲ."

ಅಜ್ಜಿ ಎಲೆಯಡಿಕೆ ಉಗಿದು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿತು. "ಅಂಗಾ? ಯೋಳ್ತೀನಿ ಬುಡು ಮಗ. ನೀನು ಸೊಲ್ಲು ಎತ್ಕೊಬೇಕು. ಸೊಲ್ಲಿಲ್ದೆ ನಂಗೆ ಹಾಡು ಬರಾಕಿಲ್ಲ."

ಅಜ್ಜಿ ಒಂದು ಸಾಲು ಹಾಡುತ್ತಿತ್ತು, ನಾನು ಅದನ್ನೇ ಎತ್ತಿಕೊಂಡು ಹಾಡಿ ಬರೆಯುತ್ತಿದ್ದೆ. ಬೀದಿಯ ಹೆಂಗಸರೆಲ್ಲ ಸೇರಿ ಸೆರಗು ಬಾಯಿಗೊತ್ತಿಕೊಂಡು ನಗುತ್ತಿದ್ದರು. ಬರೆಯುವ ಭರದಲ್ಲಿ ಅರ್ಥದ ಕಡೆ ಗಮನವೇ ಇರಲಿಲ್ಲ. ಹದಿನೆಂಟು ಹಾಡು ಮುಗಿಸಿ ಎದ್ದೆ. ಅರ್ಧ ಹಾಡು ಲಾಭ.

ಮನೆಗೆ ಬಂದರೆ ರೂಪಶ್ರೀ ಬಿಚ್ಚಿದ ಕಂಪ್ಯೂಟರಿನ ಮುಂದೆ ಕೂತಿದ್ದಳು. ಬಾಗಿಲಲ್ಲೇ ನಿಂತು ಎಲ್ಲ ಒಪ್ಪಿಕೊಂಡೆ. ಅವಳು ಪಟ್ಟಿಗಳನ್ನು ಇಸಿದುಕೊಂಡು ಒಂದೊಂದಾಗಿ ಕೂರಿಸಿದಳು. ಗುಂಡಿ ಒತ್ತಿದಳು. ಎಪ್ಪತ್ತು ಹಾಡೂ ಹಾಗೇ ಇದ್ದವು.

"ಬರೆದದ್ದೆಲ್ಲ ಡಿಸ್ಕಲ್ಲಿ ಇರುತ್ತೆ ಕಣ್ರಿ. ಇದು ಕೆಲಸ ಮಾಡುವಾಗ ಮಾತ್ರ ಬೇಕಾಗೋ ನೆನಪು" ಎಂದು ನನ್ನ ನೋಟ್‌ಬುಕ್ ತಿರುವಿದಳು. "ಹದಿನೇಳು ನನ್ನ ಹತ್ರ ಇವೆ. ಕೊನೇದು ಮಾತ್ರ ಹೊಸದು." ಗಟ್ಟಿಯಾಗಿ ಓದಿದಳು:

ಪಟ್ಟಿ ಅಂಗಿಯ ತೊಟ್ಟು ಬಂದಾನೆ ಅಳಿಮಯ್ಯ
ಕೊಟ್ಟದ್ದನೆಲ್ಲ ಕಳೆದಾನೆ | ನನ ಮಗಳೆ
ಕಟ್ಟೀಕೊ ಇವನ ಸೆರಗೀಗೆ

ನಾನು ಕತ್ತು ಬಗ್ಗಿಸಿ ನನ್ನ ಪಟ್ಟಿ ಅಂಗಿ ನೋಡಿಕೊಂಡೆ.

"ಸೊಲ್ಲು ಎತ್ಕೊಂಡವರು ಯಾರು?" ಎಂದು ಕೇಳಿದಳು.

"ನಾನೇ."

ಅವಳು ಅದನ್ನು ಎಪ್ಪತ್ತೊಂದನೆಯ ಹಾಡಾಗಿ ಟೈಪ್ ಮಾಡಿ, ಕೆಳಗೆ ಟಿಪ್ಪಣಿ ಸೇರಿಸಿದಳು: 'ಅಳಿಯನನ್ನು ಗೇಲಿ ಮಾಡುವ ಹಾಡು. ಈ ಭಾಗದಲ್ಲಿ ಅಳಿಯನೇ ಬಂದು ಕೇಳಿ ಹಾಡಿಸಿಕೊಳ್ಳುವುದುಂಟು.'