ನಾಲ್ಕನೆಯ ಮೊಟ್ಟೆ

"ಇಷ್ಟು ದೊಡ್ಡ ಯಾರ್ಕ್‌ಶೈರಿನಲ್ಲಿ ಇದಕ್ಕೆ ಬೇರೆ ಜಾಗವೇ ಸಿಗಲಿಲ್ವಾ?"

ಹುಲ್ಲು ಕತ್ತರಿಸುವ ಯಂತ್ರವನ್ನು ನಿಲ್ಲಿಸಿ ಕ್ಲೆಮೆಂಟ್ ಬಿರ್ಕೆಟ್ ಹೀಗೆ ಕೇಳಿದಾಗ ಮೈದಾನದಲ್ಲಿ ಉತ್ತರ ಕೊಡುವವರು ಯಾರೂ ಇರಲಿಲ್ಲ. ಪಿಚ್ಚಿನ ಪಕ್ಕದ ಹುಲ್ಲಿನ ಗುಳಿಯಲ್ಲಿ ಜುಟ್ಟಿನ ಟಿಟ್ಟಿಭ ಹಕ್ಕಿಯೊಂದು ಮೊಟ್ಟೆಗಳ ಮೇಲೆ ಕುಳಿತಿತ್ತು. ಬಾಡಿಗೆ ವಸೂಲಿಗೆ ಬಂದವನನ್ನು ನೋಡುವಂತೆ ಅವನನ್ನು ನೋಡುತ್ತಿತ್ತು.

ಕ್ಲೆಮೆಂಟ್ ಹಾರ್ಟಲ್‌ಡೇಲ್ ಕ್ರಿಕೆಟ್ ತಂಡದ ನಾಯಕ. ಮಧ್ಯಾಹ್ನ ಪಕ್ಕದೂರು ಸ್ಕಾರ್‌ಬೆಕ್ ಜೊತೆ ವರ್ಷದ ಪಂದ್ಯ. ಆಟ ನಿಂತರೆ ಕಪ್ ಹಿಂದಿನ ಸಲ ಗೆದ್ದವರಲ್ಲೇ ಉಳಿಯಬೇಕೆಂಬುದು ಹಳೆಯ ಕಟ್ಟಳೆ. ಗೆದ್ದವರೆಂದರೆ ಸದಾ ಸ್ಕಾರ್‌ಬೆಕ್. ಈ ಸಲ ಗೆದ್ದೇ ಗೆಲ್ಲುವೆನೆಂದು ಕ್ಲೆಮೆಂಟ್ ಮನೆಯ ಹಜಾರದ ಕಪಾಟಿನ ಮೇಲಿದ್ದ ಹೆಂಡತಿಯ ಪಿಂಗಾಣಿ ನಾಯಿಯನ್ನು ಇಳಿಸಿ ಕಪ್‌ಗೆ ಜಾಗ ಮಾಡಿದ್ದ. ಅಂದಿನಿಂದ ಹಿಲ್ಡಾ ಅವನ ಚಹಾಕ್ಕೆ ಸಕ್ಕರೆ ಹಾಕುತ್ತಿರಲಿಲ್ಲ.

ಗೂಡನ್ನು ಟೋಪಿಯೊಳಗೆ ಎತ್ತಿ ಬೇಲಿಯಾಚೆ ಇಟ್ಟುಬಿಡೋಣವೆಂದು ಅವನು ಬಗ್ಗಿದ್ದಷ್ಟೆ.

"ಮುಟ್ಟಿದ್ರೆ ಕೋರ್ಟಿಗೆ ಎಳೀತೀನಿ, ಕ್ಲೆಮೆಂಟ್!"

ಬೇಲಿಯ ಮೇಲೆ ಎರಡು ಗಾಜಿನ ಕಣ್ಣುಗಳು ಮೂಡಿದವು. ಅವುಗಳ ಹಿಂದೆ ಪ್ರೂಡೆನ್ಸ್ ಓಲ್ಡ್‌ರಾಯ್ಡ್, ಊರಿನ ಪಕ್ಷಿ ಸಂಘದ ಅಧ್ಯಕ್ಷೆ. ಆಕೆ ದುರ್ಬೀನು ಇಳಿಸಿ ನಿಟ್ಟುಸಿರಿಟ್ಟಳು. "ನಾಲ್ಕು ಇಡೋ ಹಕ್ಕಿ, ಮೂರೇ ಇಟ್ಟಿದೆ. ನಿನ್ನ ಯಂತ್ರದ ಸದ್ದಿಗೆ ಹೆದರಿರಬೇಕು ಪಾಪ."

ತಿಂಡಿಯ ಹೊತ್ತಿಗೆ ಊರೇ ನೆರೆದಿತ್ತು. "ಹಕ್ಕಿಗೊಂದು ಕಾನೂನು, ಮೊಲಕ್ಕೊಂದು ಕಾನೂನು. ನನ್ನ ಕುರಿಗೆ ಯಾರಪ್ಪಾ ದಿಕ್ಕು?" ಎಂದು ರೈತನೊಬ್ಬ ಗೊಣಗಿದ. ಚುನಾವಣೆ ಹತ್ತಿರವಿದ್ದದ್ದರಿಂದ ಅಭ್ಯರ್ಥಿ ಫ್ಯಾನ್‌ಶಾ ಕೂಡ ಬಂದ. ಅವನ ರಬ್ಬರ್ ಬೂಟಿಗೆ ಅಂಗಡಿಯ ಚೀಟಿ ಇನ್ನೂ ಅಂಟಿತ್ತು.

"ಈ ಹಕ್ಕಿಗಾಗಿ ಪ್ರಾಣ ಕೊಡ್ತೀನಿ!" ಎಂದ. ಪಕ್ಷಿ ಸಂಘದ ಮೂರು ಜನ ಚಪ್ಪಾಳೆ ತಟ್ಟಿದರು. ಬ್ಯಾಟು ಹಿಡಿದು ನಿಂತಿದ್ದ ದೊಡ್ಡ ಗುಂಪು ಅವನ ಕಣ್ಣಿಗೆ ಬಿತ್ತು. "ಆದ್ರೆ ಕ್ರಿಕೆಟ್‌ಗೆ ಅಡ್ಡ ಬಂದ್ರೆ ಹಕ್ಕಿ ಅಂತಾನೂ ನೋಡಲ್ಲ!"

"ನಿನ್ನ ಪ್ರಾಣ ಯಾವ ಕಡೆ ಅಂತ ಮೊದಲು ತೀರ್ಮಾನ ಮಾಡ್ಕೊಳ್ಳಯ್ಯ," ಎಂದ ಕಸಾಯಿ ನೆಡ್. ಕ್ಲೆಮೆಂಟನ ತಂಡದಲ್ಲಿ ಬಲವಾಗಿ ಹೊಡೆಯುವವನು ಅವನೊಬ್ಬನೇ.

ಆಟ ನಿಲ್ಲುವ ಲಕ್ಷಣ ಕಂಡು ಕ್ಲೆಮೆಂಟ್ ಗುಂಪಿನ ನಡುವೆ ನುಗ್ಗಿದ. ಕೈಯೆತ್ತಿ ಒಂದು ದಾರಿ ಹೇಳಿದ: ಗೂಡಿನ ಸುತ್ತ ಹಗ್ಗ ಕಟ್ಟೋಣ, ಆಡೋಣ, ಯಾರೂ ಹಗ್ಗ ದಾಟಬಾರದು.

"ಚೆಂಡು ಒಳಗೆ ಹೋದ್ರೆ?" ಎಂದ ಸ್ಕಾರ್‌ಬೆಕ್ ನಾಯಕ ಗಾರ್ಸೈಡ್. "ಅಲ್ಲಿಗೇ ಆ ಚೆಂಡು ಮುಗೀತು, ನಾಲ್ಕು ರನ್ ಅಂತ ಇಟ್ಕೊಳ್ಳೋಣ."

ನೆಡ್ ಹೊಡೆಯುವುದು ಯಾವಾಗಲೂ ಆ ಕಡೆಗೇ ಎಂಬುದು ಕ್ಲೆಮೆಂಟನಿಗೆ ನೆನಪಾಯಿತು. "ಎಲ್ಲಾದ್ರೂ ಉಂಟೇ! ಮನುಷ್ಯರು ಒಳಗೆ ಹೋಗಬಾರದು, ಅಷ್ಟೆ. ಚೆಂಡು ಜೀವಂತವಾಗೇ ಇರಲಿ. ಓಡೋರು ಎಷ್ಟು ಬೇಕಾದ್ರೂ ಓಡ್ಲಿ."

"ಯೋಚಿಸಿ ಹೇಳ್ತಿದೀಯಾ?" ಎಂದಳು ಅಂಪೈರ್ ಮಿಸ್ ಥ್ವೇಟ್. ಭಾನುವಾರ ಚರ್ಚಿನಲ್ಲಿ ಆರ್ಗನ್ ನುಡಿಸುವಾಕೆ. ಪಾದ್ರಿಗೇ ನಿದ್ದೆ ಹತ್ತಿದರೂ ಕೀರ್ತನೆಯ ಒಂದು ಚರಣವನ್ನೂ ಬಿಡದವಳು.

"ಬೈಬಲ್ ಮೇಲೆ ಕೈಯಿಟ್ಟು ಹೇಳ್ತೀನಿ ಬೇಕಾದ್ರೆ!"

ಆಟ ಶುರುವಾಯಿತು. ನೆಡ್ ಮೊದಲ ಚೆಂಡಿಗೇ ಔಟಾಗಿ ಚಹಾ ಡೇರೆಗೆ ನಡೆದು ಸೌತೆಕಾಯಿ ಸ್ಯಾಂಡ್‌ವಿಚ್ಚುಗಳ ತಟ್ಟೆಯೊಂದನ್ನು ಬರಿದು ಮಾಡಿದ. ಆದರೂ ಉಳಿದವರು ತಡವರಿಸುತ್ತ ಒಂದಿಷ್ಟು ರನ್ ಕೂಡಿಸಿದರು. ಸ್ಕಾರ್‌ಬೆಕ್‌ನವರು ಬ್ಯಾಟು ಹಿಡಿದಾಗ ಟಿಟ್ಟಿಭವೂ ಪಂದ್ಯಕ್ಕಿಳಿಯಿತು. ಹಗ್ಗದ ಹತ್ತಿರ ಬಂದವರ ತಲೆಯ ಮೇಲೆ ಚೀರುತ್ತ ಎರಗಿತು. ಫ್ಯಾನ್‌ಶಾನ ಟೋಪಿ ಕೆಡವಿದಾಗಲಂತೂ ಎರಡೂ ಊರಿನವರು ಒಟ್ಟಾಗಿ ಕೂಗಿ ಕುಣಿದರು.

ಉಳಿದದ್ದು ಕೊನೆಯ ಚೆಂಡು. ಸ್ಕಾರ್‌ಬೆಕ್‌ಗೆ ಬೇಕಾದದ್ದು ಎಂಟು ರನ್. ಬ್ಯಾಟು ಹಿಡಿದವನು ಸೊಂಟನೋವಿನ ಮುದಿ ಅಂಚೆಯವ, ಎದುರು ತುದಿಯಲ್ಲಿ ಗಾರ್ಸೈಡ್. ಕ್ಲೆಮೆಂಟ್ ಮನಸ್ಸಿನಲ್ಲಾಗಲೇ ಕಪ್ಪನ್ನು ಕಪಾಟಿನ ಮೇಲಿಟ್ಟು ಸ್ವಲ್ಪ ಎಡಕ್ಕೆ ಸರಿಸುತ್ತಿದ್ದ.

ಅಂಚೆಯವ ಕಣ್ಣು ಮುಚ್ಚಿ ಬೀಸಿದ. ಬ್ಯಾಟಿನ ಅಂಚಿಗೆ ತಗುಲಿದ ಚೆಂಡು ಸೋಮಾರಿಯಂತೆ ಉರುಳಿತು. ಕ್ಲೆಮೆಂಟ್ ಓಡಿದ. ಅವನ ಬೆರಳಿಗೂ ಚೆಂಡಿಗೂ ಗೇಣು ದೂರವಿದ್ದಾಗ ಅದು ಹಗ್ಗದಡಿ ನುಸುಳಿತು.

ಟಿಟ್ಟಿಭ ಪಕ್ಕಕ್ಕೆ ಸರಿದು ದಾರಿ ಬಿಟ್ಟಿತು. ಚೆಂಡು ಗುಳಿಗಿಳಿಯಿತು. ಹಕ್ಕಿ ಅದನ್ನು ಕೊಕ್ಕಿನಿಂದ ತಿರುಗಿಸಿ, ಮೂರು ಮೊಟ್ಟೆಗಳ ಪಕ್ಕಕ್ಕೆ ಒತ್ತಿ, ಗರಿಯುಬ್ಬಿಸಿ ಮೇಲೆ ಕುಳಿತುಬಿಟ್ಟಿತು.

"ಓಡ್ರೋ!" ಎಂದ ಗಾರ್ಸೈಡ್.

"ಚೆಂಡು ಕಳೆದುಹೋಯ್ತು, ಓಟ ನಿಲ್ಲಿಸಿ, ಮಿಸ್ ಥ್ವೇಟ್!" ಎಂದು ಕ್ಲೆಮೆಂಟ್ ಅರಚಿದ.

"ಕಳೆದಿಲ್ಲ. ಎಲ್ಲಿದೆ ಅಂತ ಊರಿಗೇ ಗೊತ್ತು. ಚೆಂಡು ಜೀವಂತ. ನಿನ್ನದೇ ಮಾತು."

ಕ್ಲೆಮೆಂಟ್ ಹಗ್ಗದ ಹೊರಗೆ ಮೊಣಕಾಲೂರಿದ. "ತಾಯೀ, ಒಂದೇ ಒಂದು ಸಲ ಎದ್ದೇಳಮ್ಮ..." ಹಕ್ಕಿ ಕಣ್ಣು ಮುಚ್ಚಿತು. ಅಂಚೆಯವ ಐದನೆಯ ರನ್ನಿಗೆ ಸೊಂಟ ಹಿಡಿದುಕೊಂಡ, ಆರನೆಯದಕ್ಕೆ ಹಿಲ್ಡಾ ಕೊಟ್ಟ ನೀರು ಕುಡಿದ, ಎಂಟನೆಯದನ್ನು ಜನರಿಗೆ ಕೈಬೀಸುತ್ತ ನಡೆದೇ ಮುಗಿಸಿದ.

ಮೈದಾನವೆಲ್ಲ ನಗುವೋ ನಗು. ಸೋತ ಹಾರ್ಟಲ್‌ಡೇಲಿನವರೇ ಹೆಚ್ಚು ನಕ್ಕರು. ಗಾರ್ಸೈಡ್ ಕಪ್ಪನ್ನು ಹೊತ್ತು ಹೋದ. ಕ್ಲೆಮೆಂಟ್ ಪ್ರೂಡೆನ್ಸಳ ಮುಂದೆ ಟೋಪಿ ಕಳಚಿ ನಿಂತ.

"ಕಪಾಟು ಖಾಲಿ ಬಿದ್ದಿದೆ. ಆ ಚೆಂಡನ್ನಾದ್ರೂ ತೆಗೆದುಕೊಡಿ, ಅದನ್ನೇ ಇಡ್ತೀನಿ."

ಪ್ರೂಡೆನ್ಸ್ ದುರ್ಬೀನಿನಲ್ಲಿ ನೋಡಿದಳು. ನಾಲ್ಕೂ ಮೊಟ್ಟೆಗಳ ಮೇಲೆ ಹಕ್ಕಿ ನೆಮ್ಮದಿಯಾಗಿ ತೂಕಡಿಸುತ್ತಿತ್ತು. ಆಕೆ ಕಣ್ಣೊರೆಸಿಕೊಂಡು ಹೇಳಿದಳು:

"ಕೊಡಲ್ಲ."