ಮಾವನ ಬಲಗೈ

ನಾನು ನಿಂತಿದ್ದುದು ನಮ್ಮೂರ ಪಟ್ಟಣ ಪಂಚಾಯಿತಿ ಸಭಾಂಗಣದ ಹೊರಗೆ, ಬಾಗಿಲಿನಿಂದ ಎರಡನೆಯ ಕಿಟಕಿಯಲ್ಲಿ. ಸಂತೆಯ ಹಿಂದಿನ ದಿನ, ಊಟದ ಹೊತ್ತಿಗೆ ತುಸು ಮುಂಚೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಏಕೆಂದರೆ ನನ್ನ ಸೋದರಮಾವನ ಬಲಗೈ ಅವನ ಸ್ವಂತದ್ದಾಗಿರಲಿಲ್ಲ ಎಂದರೆ ಯಾರು ನಂಬುತ್ತಾರೆ!

ಯಾರು ಏನು ಕೇಳಿದರೂ ಅದು ಮೇಲೇಳುತ್ತಿತ್ತು. ದೇವದುರ್ಗದ ಮದುವೆಯೊಂದರಲ್ಲಿ, ಇನ್ನೂ ಊಟ ಆಗದವರು ಯಾರೆಂದು ಕೇಳಿದಾಗ, ಆಗಷ್ಟೇ ಉಂಡು ಕೈ ತೊಳೆದಿದ್ದ ಮಾವನ ಕೈ ಮೇಲಿತ್ತು. ಮರ್ಯಾದೆಗೆ ಮತ್ತೆ ಉಂಡ. ಇಂಥವನಿಗೆ ಪಕ್ಷ ಟಿಕೆಟ್ ಕೊಡದೆ ಇನ್ಯಾರಿಗೆ ಕೊಟ್ಟೀತು? ಗೆದ್ದು ಪಂಚಾಯಿತಿ ಸದಸ್ಯನೂ ಆದ.

ಆ ಸಲ ಅವನ ಪಕ್ಷ ಅಧ್ಯಕ್ಷಗಿರಿಗಾಗಿ ಕಟ್ಟಾ ಮತೀಯ ಪಕ್ಷವೊಂದರ ಬೆಂಬಲ ಪಡೆದಿತ್ತು. ಚುನಾವಣೆಯಲ್ಲಿ ಅವರನ್ನು ಬೈದೇ ಮತ ಕೇಳಿದ್ದು ಮುಖಂಡರಿಗೆ ಮರೆತುಹೋಗಿತ್ತು. ಬೆಂಬಲಕ್ಕೆ ಬದಲಾಗಿ ಅವರು ಕೇಳಿದ್ದು ಒಂದೇ ಠರಾವು: ಸಂತೆಯಿಂದ ಮುಸ್ಲಿಮರ ಅಂಗಡಿಗಳನ್ನು ತೆಗೆಸಬೇಕು.

ಸಂತೆಯಲ್ಲಿ ಮಾವ ಉಳ್ಳಾಗಡ್ಡಿ ಮಾರುತ್ತಿದ್ದ, ಪಕ್ಕದಲ್ಲಿ ಮಸ್ತಾನ ಬಳೆ. ಇಬ್ಬರಿಗೂ ಒಂದೇ ತಾಡಪತ್ರಿಯ ನೆರಳು. ಅದರ ಒಂದು ಬದಿ ಮಾವನ ಕಂಬಗಳಿಗೆ, ಇನ್ನೊಂದು ಬದಿ ಮಸ್ತಾನನ ಕಂಬಗಳಿಗೆ.

ಮುಖಂಡರು ಮನೆಗೇ ಬಂದರು.

"ಬರೀ ಅಡ್ಜಸ್ಟ್‌ಮೆಂಟಪಾ. ಕೈ ಎತ್ತೋದು ನಿನಗೇನು ಹೊಸಾದೇನು?"

"ಅವನ ಕಂಬ ಕಿತ್ರ ನನ್ನ ತಾಡಪತ್ರಿ ಎಲ್ಲಿ ಕಟ್ಲಿರೀ?"

ಹೊಸ ಕಂಬ ಕೊಡಿಸುವುದಾಗಿ ಹೇಳಿ, ಚಹಾ ಕುಡಿದು ಹೋದರು.

ಸಭೆಯಲ್ಲಿ ಮಾವ ಬಲಗೈಯನ್ನು ತೊಡೆಯಡಿ ಇಟ್ಟು ಅದರ ಮೇಲೆಯೇ ಕುಳಿತ. ಠರಾವಿನ ಪರವಾಗಿರುವವರು ಎಂದು ಅಧ್ಯಕ್ಷರು ಕೇಳಿದಾಗ ಅವನ ಭುಜ ಜಿಗಿಯಿತು. ಮಾವ ಇನ್ನಷ್ಟು ಭಾರ ಹಾಕಿದ. ವಿರೋಧ ಇರುವವರು ಎಂದಾಗ ಕೈ ಹೊರತೆಗೆದ. ಅದು ಜೋಮು ಹಿಡಿದು ಜೋತುಬಿದ್ದಿತ್ತು! ಯಾರೋ ನಕ್ಕರು. ಮಾವ ಎಡಗೈಯಿಂದ ಬಲಗೈಯ ಮಣಿಕಟ್ಟು ಹಿಡಿದು ಮೇಲೆತ್ತಿದ. ಎತ್ತಿಕೊಂಡೇ ನಿಂತ.

"ಇಳಸೋ ಲೇ," ಎಂದರು ಮುಖಂಡರು.

"ಇದು ಈಗ ನನ್ನ ಕೈರೀ."

ಹಿಂದಿನ ಸಾಲಿನಲ್ಲಿ ಇನ್ನೊಂದು ಕೈ ಎದ್ದಿತು. ಆಮೇಲೆ ಮತ್ತೊಂದು. ಅಧ್ಯಕ್ಷರು ಬೆವರು ಒರೆಸಿಕೊಂಡು ವಿಷಯ ಮುಂದೂಡಿದರು. ಅದು ಇವತ್ತಿಗೂ ಮುಂದೂಡಿಯೇ ಇದೆ.

ರಾಯಚೂರಿನ ಪಕ್ಷದ ಸಭೆಯಲ್ಲಿ, ಇವನನ್ನು ಪಕ್ಷದಿಂದ ತೆಗೆಯಲು ಒಪ್ಪುವವರು ಯಾರೆಂದು ಕೇಳಿದರಂತೆ. ಮೊದಲು ಎದ್ದದ್ದು ಮಾವನ ಕೈ!

ಮಾವ ಈಗಿಲ್ಲ. ಮಸ್ತಾನನೂ ಇಲ್ಲ. ಆ ದಿನ ನನ್ನ ಪಕ್ಕದಲ್ಲಿ ಕಿಟಕಿಯ ಸರಳು ಹಿಡಿದು ಎಲ್ಲವನ್ನೂ ನೋಡಿದವಳು ಮಸ್ತಾನನ ಹೆಂಡತಿ ಖಾಸಿಂಬಿ. ಅವಳಿದ್ದಾಳೆ. ಅದೇ ಕಂಬಗಳ ನಡುವೆ ಬಳೆ ಮಾರುತ್ತಾಳೆ. ಮಾವನ ಸುದ್ದಿ ಬಂದರೆ, ಬಳೆ ತೊಡಿಸುವ ಬಲಗೈಯನ್ನು ಎಡಗೈಯಿಂದ ಹಿಡಿದು, ಮೆಲ್ಲಗೆ ಮೇಲೆತ್ತುತ್ತಾಳೆ.