ಲೇಸರಿನ ಮುಂದೆ ಒಂದು ಹನಿ

ನೀರಿನ ಒಂದು ಹನಿಯನ್ನು ಹತೋಟಿಯಲ್ಲಿಡುವುದು ಏನು ಮಹಾ ಕೆಲಸ ಎಂದು ನಾನು ನಂಬಿದ್ದ ಕಾಲವೊಂದಿತ್ತು. ಆಗ ನೆರೂಳಿನ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಫಿಸಿಕ್ಸ್ ಕಲಿಸುತ್ತಿದ್ದೆ. ಗಾಜಿನ ಬಿಲ್ಲೆಯೊಳಗೆ ಕೂದಲೆಳೆಯಷ್ಟು ಸಣ್ಣ ಕಾಲುವೆ, ಅದರಲ್ಲಿ ಎಣ್ಣೆ, ಎಣ್ಣೆಯೊಳಗೆ ಸಾಲಾಗಿ ನೀರಿನ ಹನಿಗಳು. ಹನಿಯ ಮೂತಿಗೆ ಲೇಸರ್ ಬಿಟ್ಟು ಬಿಸಿ ಮಾಡಿದರೆ ಅದು ಕೆಂಪು ಸಿಗ್ನಲ್ ಕಂಡ ಲೋಕಲ್ ರೈಲಿನಂತೆ ನಿಂತುಬಿಡುತ್ತದೆ. ಮುಂದೆ ಒಂದು ತೊಟ್ಟು ರಕ್ತದಲ್ಲೇ ಹಲವು ಪರೀಕ್ಷೆ ಮಾಡಬಹುದು ಎಂದು ಡೊಂಬಿವಲಿಯ ಮನೆಯಲ್ಲಿ ಗಂಡನಿಗೆ ವಿವರಿಸಿದೆ. ನಮ್ಮ ಹೌಸಿಂಗ್ ಸೊಸೈಟಿಯ ನಲ್ಲಿಯಲ್ಲಿ ಲೇಸರ್ ಇಲ್ಲದೆಯೇ ನೀರು ನಿಲ್ಲುತ್ತದಲ್ಲ ಎಂದರು ಅವರು.

ವರ್ಷಗಟ್ಟಲೆ ಗುದ್ದಾಡಿ ಕೊನೆಗೂ ಹನಿಯನ್ನು ನಿಲ್ಲಿಸಿದೆ. ಗುಟ್ಟು ಇಷ್ಟೇ: ನೀರಿಗೆ ಚೂರೇ ಚೂರು ಬಣ್ಣ ಬೆರೆಸಬೇಕು, ಆ ಬಣ್ಣ ಲೇಸರಿನ ಬೆಳಕು ಹೀರಿ ಬಿಸಿಯಾಗುತ್ತದೆ.

ನನ್ನ ಈ ಪ್ರಯೋಗಾಲಯ ಉಳಿಯಬೇಕೋ ಮುಚ್ಚಬೇಕೋ ಎಂದು ತೀರ್ಮಾನಿಸಲು ಕಾಲೇಜಿನ ಚೇರ್ಮನ್ನರು ಬರುವವರಿದ್ದರು. ಅಂದು ಬೆಳಿಗ್ಗೆ ನಮ್ಮ ಎಚ್‌ಓಡಿ ಇಣುಕಿ ನೋಡಿ, "ಏನೂ ಕಾಣಿಸ್ತಿಲ್ಲ ಮ್ಯಾಡಮ್. ಬಣ್ಣ ಗಾಢ ಮಾಡಿ, ಸಾಹೇಬರಿಗೆ ಕಾಣಬೇಕು" ಎಂದು ಅಪ್ಪಣೆ ಕೊಡಿಸಿದರು. ಬಣ್ಣ ಹೆಚ್ಚಾದರೆ ಏನಾಗುತ್ತದೆಂದು ಇಡೀ ಕಾಲೇಜಿನಲ್ಲಿ ಗೊತ್ತಿದ್ದವಳು ನಾನೊಬ್ಬಳೇ. ಆದ್ದರಿಂದ ನಾನೇ ಕೈಯಾರೆ ಸುರಿದೆ.

ಚೇರ್ಮನ್ನರು ಬಿಳಿ ಸಫಾರಿ ಸೂಟಿನಲ್ಲಿ ಬಂದರು. ಲೇಸರ್ ಹಾಕಿದೆ. ಹನಿ ನಿಲ್ಲಲಿಲ್ಲ, ಕುದಿಯಿತು. ಆವಿಯ ಗುಳ್ಳೆ ಕಾಲುವೆಗೆ ಅಡ್ಡ ಕೂತಿತು. ಲೇಸರ್ ಆರಿಸಿ ಸುಮ್ಮನಾಗಬಹುದಿತ್ತು. ಗುಳ್ಳೆಯನ್ನು ದೂಡೋಣವೆಂದು ಎಣ್ಣೆ ಹರಿಸುವ ಪಂಪಿನ ಒತ್ತಡ ಏರಿಸಿದೆ. ಅದು ಜಗ್ಗಲಿಲ್ಲ, ಇನ್ನೂ ಏರಿಸಿದೆ. ಏನಾಯಿತೆಂದು ಚೇರ್ಮನ್ನರು ಬಗ್ಗುವುದಕ್ಕೂ ಪಂಪಿನ ನಳಿಕೆ ಕಳಚುವುದಕ್ಕೂ ಸರಿಹೋಯಿತು. ಎಣ್ಣೆ, ಕಡುಗೆಂಪು ನೀರು, ಬಿಳಿ ಸಫಾರಿ!

ಎಚ್‌ಓಡಿ ಕರ್ಚೀಫು ಹಿಡಿದು ಮುಂದೆ ಬಂದು, "ಬಣ್ಣ ಕಡಿಮೆ ಹಾಕಿ ಅಂತ ಬೆಳಿಗ್ಗೆಯೇ ಹೇಳಿದ್ದೆ ಸರ್" ಎಂದರು.

ನಾನು ಬಾಯಿ ತೆರೆದೆ. ಒಳಗೆ ಬಹಳಷ್ಟಿತ್ತು. ಹೊರಗೆ ಬಂದದ್ದು "ಸಾರಿ ಸರ್" ಮಾತ್ರ.

ಪ್ರಯೋಗಾಲಯ ಪ್ಲೇಸ್‌ಮೆಂಟ್ ಆಫೀಸಾಯಿತು. ಲೇಸರ್ ಕಬ್ಬಿಣದ ಕಪಾಟು ಸೇರಿತು. ಎಚ್‌ಓಡಿ ಪ್ರಿನ್ಸಿಪಾಲರಾದರು. ಸನ್ಮಾನದ ದಿನ ಅವರಿಗೆ ಹೂಗುಚ್ಛ ಕೊಡುವ ಕೆಲಸ ನನ್ನ ಪಾಲಿಗೇ ಬಂತು, ಕೊಟ್ಟೆ.

ಮುಂದಿನ ವರ್ಷ ಫಸ್ಟ್ ಇಯರ್ ಹುಡುಗರಿಗೆ, ಬಿಸಿ ತಾಗಿದಾಗ ಹನಿಯ ಮೈ ಹೇಗೆ ಎಳೆದುಕೊಂಡು ಅದನ್ನು ನಿಲ್ಲಿಸುತ್ತದೆಂದು ಬೋರ್ಡಿನ ತುಂಬ ಚಿತ್ರ ಬರೆದೆ. ನನಗೇ ತಿಳಿಯದೆ ದನಿ ಏರಿತ್ತು. ಮುಂದಿನ ಬೆಂಚಿನ ಹುಡುಗಿ ಕೈಯೆತ್ತಿದಳು. ಜೀವ ಹಿಗ್ಗಿತು.

"ಮ್ಯಾಮ್, ಯೇ ಎಕ್ಸಾಮ್ ಮೇ ಆಯೇಗಾ ಕ್ಯಾ?"

ಇಲ್ಲ, ಪರೀಕ್ಷೆಗೆ ಬರುವುದಿಲ್ಲ ಎಂದೆ. ಎಲ್ಲರೂ ಪೆನ್ನು ಕೆಳಗಿಟ್ಟರು. ನಾನು ಡಸ್ಟರ್ ಕೈಗೆತ್ತಿಕೊಂಡೆ.